ಮೈನಸ್ ಸೊನ್ನೆ: ಎಲ್ಲಿ ಉಳಿಸಬೇಕು, ಎಲ್ಲಿ ಅಳಿಸಬೇಕು

ಬಿಲ್ಲಿನ ಕೊನೇ ಸಾಲಿನಲ್ಲಿ ‘ಬಾಕಿ: -0.00’ ಅಂತ ಬಂದಿದೆ. ಗ್ರಾಹಕರು ಫೋನ್ ಮಾಡಿ ಕೇಳುತ್ತಾರೆ, ‘ಇದು ನಾನು ಕೊಡಬೇಕಾ, ನೀವು ಕೊಡಬೇಕಾ?’ ಕೋಡ್ ಬರೆದವರು ಮತ್ತೆ ಮತ್ತೆ ಕೂಡಿಸಿ ಕಳೆದು ನೋಡುತ್ತಾರೆ. ಲೆಕ್ಕ ಸರಿಯಾಗೇ ಇದೆ. ಆದರೂ ಆ ಗೀಟು ಹೋಗುವುದಿಲ್ಲ.

ಇದನ್ನು ಕಂಡ ತಕ್ಷಣ ಬಹಳ ಜನ ಮೈನಸ್ ಚಿಹ್ನೆಯನ್ನು ಸುಮ್ನೆ ಒರೆಸಿ ಹಾಕಿಬಿಡುತ್ತಾರೆ. ಕೆಲವು ಕಡೆ ಅದು ಸರಿ. ಇನ್ನು ಕೆಲವು ಕಡೆ ದೊಡ್ಡ ತಪ್ಪು, ಯಾಕೆಂದರೆ ಆ ಚಿಹ್ನೆ ಒಂದು ಸುದ್ದಿ ಹೊತ್ತುಕೊಂಡಿರುತ್ತದೆ. ಲೆಕ್ಕ ಯಾವ ಕಡೆಯಿಂದ ಸೊನ್ನೆಗೆ ಬಂದು ಮುಟ್ಟಿತು ಅನ್ನುವುದೇ ಆ ಸುದ್ದಿ. ನಾನು ಪಾಲಿಸುವ ನಿಯಮ ಇಷ್ಟೇ: ಲೆಕ್ಕದ ನಡುವೆ ಮೈನಸ್ ಸೊನ್ನೆಯನ್ನು ಮುಟ್ಟುವುದಿಲ್ಲ, ಜನರ ಕಣ್ಣಿಗೆ ತೋರಿಸುವ ಜಾಗದಲ್ಲಿ ಮಾತ್ರ ತೆಗೆಯುತ್ತೇನೆ. ಇದನ್ನು ಹೇಗೆ ಮಾಡುವುದು ಅಂತ ಹಂತ ಹಂತವಾಗಿ ನೋಡೋಣ.

ಜೊತೆಗೆ ಮಾಡಿ ನೋಡಲು ಒಂದು ಬ್ರೌಸರ್ ಸಾಕು. ಎಫ್12 ಒತ್ತಿ ‘ಕನ್ಸೋಲ್’ ಟ್ಯಾಬ್‌ಗೆ ಹೋಗಿ, ಅಲ್ಲಿ ಜಾವಾಸ್ಕ್ರಿಪ್ಟ್ ಆಜ್ಞೆಗಳನ್ನು ಹೊಡೆದು ನೋಡಬಹುದು. ಪೈಥಾನ್ ಇದ್ದರೆ ಇನ್ನೂ ಒಳ್ಳೆಯದು. ಆಜ್ಞೆಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಸ್ಪೆಲಿಂಗ್ ಬಳಸಿ.

ಹಂತ 1: ಮೊದಲು ಗಣಿತವನ್ನೂ ಕಂಪ್ಯೂಟರನ್ನೂ ಬೇರೆ ಮಾಡಿಕೊಳ್ಳಿ

ಶಾಲೆಯ ಗಣಿತದಲ್ಲಿ ಮೈನಸ್ ಸೊನ್ನೆ ಅಂತ ಬೇರೆ ಸಂಖ್ಯೆ ಇಲ್ಲ. ಒಂದು ಸಂಖ್ಯೆಗೆ ಏನನ್ನು ಕೂಡಿಸಿದರೆ ಸೊನ್ನೆ ಬರುತ್ತದೋ ಅದೇ ಅದರ ಮೈನಸ್. 5ಕ್ಕೆ -5. ಸೊನ್ನೆಗೆ ಸೊನ್ನೆಯನ್ನೇ ಕೂಡಿಸಿದರೆ ಸೊನ್ನೆ ಬರುತ್ತದೆ. ಹಾಗಾಗಿ ಸೊನ್ನೆಯ ಮೈನಸ್ ಸೊನ್ನೆಯೇ. ಬ್ರಹ್ಮಗುಪ್ತ 628ರಲ್ಲೇ ಇದರ ನಿಯಮ ಬರೆದಿಟ್ಟಿದ್ದಾನೆ: ಸಾಲದಿಂದ ಸೊನ್ನೆ ಕಳೆದರೆ ಸಾಲ, ಧನದಿಂದ ಸೊನ್ನೆ ಕಳೆದರೆ ಧನ, ಸೊನ್ನೆಯಿಂದ ಸೊನ್ನೆ ಕಳೆದರೆ ಸೊನ್ನೆ.

ಗಣಿತದಲ್ಲೂ ‘ಯಾವ ಕಡೆಯಿಂದ’ ಎಂಬ ಪ್ರಶ್ನೆ ಬರುವ ಜಾಗ ಒಂದಿದೆ. ಪಿಯುಸಿಯಲ್ಲಿ ಲಿಮಿಟ್ ಓದಿದವರಿಗೆ ನೆನಪಿರುತ್ತದೆ. 1/ಎಕ್ಸ್ ತೆಗೆದುಕೊಳ್ಳಿ. ಎಕ್ಸ್ ಬಲಗಡೆಯಿಂದ ಸೊನ್ನೆಯ ಹತ್ತಿರ ಬಂದರೆ ಉತ್ತರ ಮೇಲಕ್ಕೆ, ಅನಂತದ ಕಡೆ ಹೋಗುತ್ತದೆ. ಎಡಗಡೆಯಿಂದ ಬಂದರೆ ಕೆಳಕ್ಕೆ, ಮೈನಸ್ ಅನಂತದ ಕಡೆ. ಇಲ್ಲಿ ಸೊನ್ನೆ ಒಂದೇ, ಅದಕ್ಕೆ ಬರುವ ದಾರಿ ಎರಡು. ಕಂಪ್ಯೂಟರ್ ಈ ದಾರಿಯ ಗುರುತನ್ನು ಸೊನ್ನೆಯ ಒಳಗೇ ಬರೆದಿಡುತ್ತದೆ.

ಹಂತ 2: ಆ ಗುರುತು ಎಲ್ಲಿ ಕೂತಿದೆ ನೋಡಿ

ದಶಮಾಂಶ ಸಂಖ್ಯೆಗಳನ್ನು ಇವತ್ತು ಬಹುತೇಕ ಎಲ್ಲ ಕಂಪ್ಯೂಟರುಗಳೂ ಐಟ್ರಿಪಲ್‌ಇ 754 ಎಂಬ ಮಾನದಂಡದ ಪ್ರಕಾರ ಇಡುತ್ತವೆ. ಅದು ಬಂದದ್ದು 1985ರಲ್ಲಿ. ಅದರ ಹಿಂದಿನ ಮುಖ್ಯ ತಲೆ ಬರ್ಕ್ಲಿಯ ವಿಲಿಯಂ ಕಹಾನ್. 1989ರ ಟ್ಯೂರಿಂಗ್ ಪ್ರಶಸ್ತಿ ಅವರಿಗೆ ಬಂತು.

ಒಂದು ‘ಡಬಲ್’ ಸಂಖ್ಯೆಗೆ 64 ಬಿಟ್ ಜಾಗ. ಅದರಲ್ಲಿ 11 ಬಿಟ್ ಘಾತಕ್ಕೆ, 52 ಬಿಟ್ ಅಂಕಿಗಳಿಗೆ, ಎಲ್ಲಕ್ಕಿಂತ ಮುಂದಿರುವ 1 ಬಿಟ್ ಚಿಹ್ನೆಗೆ. ಚಿಹ್ನೆಗೆ ಬೇರೆಯೇ ಬಿಟ್ ಇರುವುದರಿಂದ, ಉಳಿದ 63 ಬಿಟ್ಟುಗಳೂ ಸೊನ್ನೆ ಇದ್ದಾಗಲೂ ಅದು 0 ಆಗಿರಬಹುದು, 1 ಆಗಿರಬಹುದು. 0 ಇದ್ದರೆ ನಮ್ಮ ಮಾಮೂಲಿ ಸೊನ್ನೆ, 1 ಇದ್ದರೆ ಮೈನಸ್ ಸೊನ್ನೆ.

ಪೂರ್ಣಾಂಕಗಳ ಕಥೆ ಬೇರೆ. ಇವತ್ತಿನ ಯಂತ್ರಗಳು ಅವುಗಳನ್ನು ‘ಟೂಸ್ ಕಾಂಪ್ಲಿಮೆಂಟ್’ ವಿಧಾನದಲ್ಲಿ ಇಡುತ್ತವೆ, ಅದರಲ್ಲಿ ಸೊನ್ನೆ ಒಂದೇ. ಹಿಂದೆ ಹೀಗಿರಲಿಲ್ಲ. 1959ರ ಪಿಡಿಪಿ-1, 1964ರ ಸಿಡಿಸಿ 6600 ಯಂತ್ರಗಳು ‘ಒನ್ಸ್ ಕಾಂಪ್ಲಿಮೆಂಟ್’ ಬಳಸುತ್ತಿದ್ದವು. ಅಲ್ಲಿ ಮೈನಸ್ ಮಾಡುವುದೆಂದರೆ ಎಲ್ಲ ಬಿಟ್ಟುಗಳನ್ನೂ ತಿರುಗಿಸುವುದು. 8 ಬಿಟ್‌ನಲ್ಲಿ ಹೇಳುವುದಾದರೆ 00000000 ಕೂಡ ಸೊನ್ನೆ, 11111111 ಕೂಡ ಸೊನ್ನೆ. ಪೂರ್ಣಾಂಕಕ್ಕೆ ಎರಡು ಸೊನ್ನೆಯಿಂದ ಪ್ರಯೋಜನ ಇಲ್ಲ, ತೊಂದರೆಯೇ ಜಾಸ್ತಿ. ಸಿ++ ಭಾಷೆ 2020ರ ಆವೃತ್ತಿಯಲ್ಲಿ ಟೂಸ್ ಕಾಂಪ್ಲಿಮೆಂಟನ್ನೇ ಕಡ್ಡಾಯ ಮಾಡಿತು.

ಇದರಿಂದ ಒಂದು ವಿಷಯ ನೆನಪಿಟ್ಟುಕೊಳ್ಳಿ. ಪೈಥಾನ್‌ನಲ್ಲಿ -0 ಅಂತ ಬರೆದರೆ ಅದು ಪೂರ್ಣಾಂಕ, ಬರೀ 0 ಆಗುತ್ತದೆ. ಮೈನಸ್ ಸೊನ್ನೆ ಬೇಕಿದ್ದರೆ -0.0 ಅಂತ ಬರೆಯಬೇಕು. ಜಾವಾದಲ್ಲೂ ಹಾಗೇ. ಜಾವಾಸ್ಕ್ರಿಪ್ಟ್‌ನಲ್ಲಿ ಮಾಮೂಲಿ ಸಂಖ್ಯೆಗಳೆಲ್ಲ ಡಬಲ್‌ಗಳೇ, ಹಾಗಾಗಿ -0 ಅಂದರೂ ಸಾಕು. ಜಾವಾಸ್ಕ್ರಿಪ್ಟ್ ಬರೆಯುವವರಿಗೇ ಈ ಸಮಸ್ಯೆ ಹೆಚ್ಚು ಎದುರಾಗುವುದು ಇದೇ ಕಾರಣಕ್ಕೆ.

ಹಂತ 3: ನೀವೇ ಹುಟ್ಟಿಸಿ ನೋಡಿ

ಕನ್ಸೋಲ್‌ನಲ್ಲಿ ಇವನ್ನು ಒಂದೊಂದಾಗಿ ಹೊಡೆಯಿರಿ. ಎಲ್ಲದರ ಉತ್ತರವೂ -0.

ಮ್ಯಾಥ್.ರೌಂಡ್(-0.4)
ಮ್ಯಾಥ್.ಸೀಲ್(-0.9)
ಮ್ಯಾಥ್.ಟ್ರಂಕ್(-0.9)
0 * -5
-5 % 5

ಗುಣಾಕಾರ, ಭಾಗಾಕಾರದಲ್ಲಿ ಚಿಹ್ನೆಯ ನಿಯಮ ಮಾಮೂಲಿನದೇ: ಎರಡರಲ್ಲಿ ಒಂದು ಮಾತ್ರ ಮೈನಸ್ ಆದರೆ ಉತ್ತರವೂ ಮೈನಸ್. ಸೊನ್ನೆಗೂ ಅದೇ ನಿಯಮ. ತೀರಾ ಸಣ್ಣ ಮೈನಸ್ ಸಂಖ್ಯೆ ಇನ್ನೂ ಸಣ್ಣದಾಗಿ, ಡಬಲ್‌ನಲ್ಲಿ ಹಿಡಿಸದಷ್ಟು ಸಣ್ಣದಾದಾಗಲೂ -0 ಹುಟ್ಟುತ್ತದೆ.

ಕೂಡುವಾಗ ಹಾಗಲ್ಲ. -0 + 0 ಅಂದರೆ 0. ಎರಡೂ ಮೈನಸ್ ಸೊನ್ನೆ ಆಗಿದ್ದರೆ ಮಾತ್ರ ಮೊತ್ತ -0. 5 - 5 ಮಾಡಿದರೆ ಮಾಮೂಲಿ ಸೊನ್ನೆಯೇ ಸಿಗುತ್ತದೆ. ಈ ನಿಯಮ ಮುಂದೆ ನಮಗೆ ಕೆಲಸಕ್ಕೆ ಬರುತ್ತದೆ.

ಚಿಹ್ನೆ ತಿರುಗಿಸುವಾಗಲೂ ಒಂದು ಸೂಕ್ಷ್ಮ ಇದೆ. ಜಮಾ-ಖರ್ಚಿನ ಕೋಡ್‌ನಲ್ಲಿ ಮೊತ್ತದ ಮುಂದೆ ಸುಮ್ನೆ ಮೈನಸ್ ಹಾಕಿ ತಿರುಗಿಸುವ ಅಭ್ಯಾಸ ಎಲ್ಲರಿಗೂ ಇದೆ. ಮೊತ್ತ ಸೊನ್ನೆ ಇದ್ದ ದಿನ ಅದು -0 ಆಗುತ್ತದೆ. ಅದರ ಬದಲು ‘0 - ಮೊತ್ತ’ ಅಂತ ಬರೆದರೆ 0 - 0 = 0 ಬರುತ್ತದೆ, ತೊಂದರೆ ಹುಟ್ಟುವುದೇ ಇಲ್ಲ.

ಹಂತ 4: ನಿಜವಾದ ಮೈನಸ್ ಸೊನ್ನೆಯೋ, ಹಾಗೆ ಕಾಣುವ ಸಂಖ್ಯೆಯೋ?

ಈ ಹಂತವನ್ನು ಬಿಡಬೇಡಿ. ತುಂಬಾ ಜನ ಎಡವುವುದು ಇಲ್ಲೇ.

30 ಪೈಸೆಯಲ್ಲಿ 10 ಪೈಸೆ ಕಳೆದು, ಆಮೇಲೆ 20 ಪೈಸೆ ಕಳೆಯಿರಿ. ರೂಪಾಯಿಯಲ್ಲಿ ಬರೆದರೆ 0.3 - 0.1 - 0.2. ಉತ್ತರ ಸೊನ್ನೆ ಬರಬೇಕು, ಅಲ್ವಾ? ಕನ್ಸೋಲ್ ಕೊಡುವುದು -2.7755575615628914ಇ-17. ದಶಮಾಂಶ ಬಿಂದುವಿನ ನಂತರ 16 ಸೊನ್ನೆ, ಆಮೇಲೆ 27... ಅನ್ನುವಷ್ಟು ಸಣ್ಣ ಮೈನಸ್ ಸಂಖ್ಯೆ. 0.1, 0.2, 0.3 ಯಾವುದನ್ನೂ ಎರಡರ ಘಾತಗಳಲ್ಲಿ ಪೂರ್ತಿಯಾಗಿ ಬರೆಯಲು ಆಗುವುದಿಲ್ಲ. ಆ ಕೊರತೆಯೇ ಕೊನೆಗೆ ಹೀಗೆ ಉಳಿದುಕೊಳ್ಳುತ್ತದೆ. ಇದನ್ನು ಎರಡು ದಶಮಾಂಶಕ್ಕೆ ತೋರಿಸಲು ಟುಫಿಕ್ಸ್ಡ್(2) ಬಳಸಿದರೆ ‘-0.00’ ಬರುತ್ತದೆ. ಮೊದಲು ಹೇಳಿದ ಬಿಲ್ಲಿನಲ್ಲಿ ಸಾಮಾನ್ಯವಾಗಿ ಆಗಿರುವುದು ಇದೇ.

ತಮಾಷೆ ಏನೆಂದರೆ, ನಿಜವಾದ -0ಗೆ ಅದೇ ಟುಫಿಕ್ಸ್ಡ್(2) ಬಳಸಿದರೆ ಬರುವುದು ‘0.00’, ಮೈನಸ್ ಇಲ್ಲದೆ. ಅಂದರೆ ಪರದೆ ನೋಡಿ ಒಳಗೆ ಏನಿದೆ ಅಂತ ಹೇಳಲು ಆಗುವುದಿಲ್ಲ. ಪೈಥಾನ್‌ನಲ್ಲಿ ಎರಡಕ್ಕೂ ‘-0.00’ ಬರುತ್ತದೆ.

ಸಮ ಚಿಹ್ನೆಯೂ ಇಲ್ಲಿ ಸಹಾಯ ಮಾಡುವುದಿಲ್ಲ. ಮಾನದಂಡದ ಪ್ರಕಾರ 0 ಮತ್ತು -0 ಸಮ. ‘-0 < 0’ ಅಂತ ಕೇಳಿದರೆ ಸುಳ್ಳು ಅನ್ನುತ್ತದೆ. ಪತ್ತೆ ಮಾಡಲು ಭಾಷೆಗೊಂದು ದಾರಿ ಇದೆ.

ಜಾವಾಸ್ಕ್ರಿಪ್ಟ್‌ನಲ್ಲಿ ಆಬ್ಜೆಕ್ಟ್.ಈಸ್(ಎಕ್ಸ್, -0) ಬಳಸಿ. ನಿಜವಾದ ಮೈನಸ್ ಸೊನ್ನೆಗೆ ಮಾತ್ರ ‘ಟ್ರೂ’ ಬರುತ್ತದೆ. ಪೈಥಾನ್‌ನಲ್ಲಿ ಮ್ಯಾಥ್.ಕಾಪಿಸೈನ್(1, ಎಕ್ಸ್) ಮಾಡಿ, -1.0 ಬಂದರೆ ಚಿಹ್ನೆ ಮೈನಸ್ ಅಂತ ಅರ್ಥ. ಸಿ ಮತ್ತು ಸಿ++ನಲ್ಲಿ ಸೈನ್‌ಬಿಟ್ ಇದೆ. ಜಾವಾದಲ್ಲಿ ಸ್ವಲ್ಪ ಎಚ್ಚರ ಬೇಕು: ಸಾದಾ ಡಬಲ್‌ಗಳನ್ನು == ಹಾಕಿ ಹೋಲಿಸಿದರೆ ಸಮ, ಡಬಲ್ ಆಬ್ಜೆಕ್ಟುಗಳನ್ನು ಈಕ್ವಲ್ಸ್‌ನಿಂದ ಹೋಲಿಸಿದರೆ ಬೇರೆ ಬೇರೆ. ಹಾಗಾಗಿ ಹ್ಯಾಶ್‌ಮ್ಯಾಪ್‌ನಲ್ಲಿ (ಕೀಲಿ ಕೊಟ್ಟು ಬೆಲೆ ಹುಡುಕುವ ಪಟ್ಟಿಯಲ್ಲಿ) ಒಂದೇ ಸೊನ್ನೆಗೆ ಎರಡು ಕೀಲಿ ಕೂತಿರಬಹುದು.

ಹಂತ 5: ಅಳಿಸುವ ಮೊದಲು, ಅದಕ್ಕೆ ಕೆಲಸ ಇದೆಯಾ ಅಂತ ಕೇಳಿ

1ನ್ನು ಸೊನ್ನೆಯಿಂದ ಭಾಗಿಸಿದರೆ ಏನು? ಹಳೇ ಪ್ರಶ್ನೆ. ನಮ್ಮ ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ, ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಬದಲಾಗದೆ ಹಾಗೇ ಉಳಿಯುತ್ತದೆ ಅಂದ. 12ನೇ ಶತಮಾನದಲ್ಲಿ ಎರಡನೇ ಭಾಸ್ಕರ ಅದನ್ನು ‘ಖಹರ’ ಎಂದು ಕರೆದು ಅನಂತ ಅಂದ. ಐಟ್ರಿಪಲ್‌ಇ 754 ಇರುವುದು ಭಾಸ್ಕರನ ಪಕ್ಷದಲ್ಲಿ. ಆದರೆ ಅನಂತ ಎರಡಿದೆ: 1/0 ಅಂದರೆ ಅನಂತ, 1/-0 ಅಂದರೆ ಮೈನಸ್ ಅನಂತ. ಕನ್ಸೋಲ್‌ನಲ್ಲಿ ಹೊಡೆದರೆ ಇನ್ಫಿನಿಟಿ, -ಇನ್ಫಿನಿಟಿ ಅಂತ ಕಾಣುತ್ತದೆ. ಪೈಥಾನ್ ಮಾತ್ರ ಎರಡಕ್ಕೂ ‘ಎರರ್’ ಸಂದೇಶ ಕೊಟ್ಟು ನಿಲ್ಲುತ್ತದೆ.

ಮೈನಸ್ ಅನಂತವನ್ನು ತೆಗೆದುಕೊಂಡು 1ನ್ನು ಅದರಿಂದ ಭಾಗಿಸಿ: -0. ಮತ್ತೆ 1ನ್ನು ಆ -0ಯಿಂದ ಭಾಗಿಸಿ: ಮೈನಸ್ ಅನಂತ, ಹೊರಟ ಜಾಗಕ್ಕೇ ಬಂದೆವು. ಸೊನ್ನೆಗೆ ಚಿಹ್ನೆ ಇಲ್ಲದಿದ್ದರೆ ಇಲ್ಲಿ ಪ್ಲಸ್ ಅನಂತಕ್ಕೆ ಹೋಗಿ ಬೀಳುತ್ತಿದ್ದೆವು. ಅಂದರೆ ಸಂಖ್ಯಾರೇಖೆಯ ಒಂದು ತುದಿಯಿಂದ ಇನ್ನೊಂದು ತುದಿಗೆ!

ಕೋನಗಳಲ್ಲಿ ಇದು ಇನ್ನೂ ಹತ್ತಿರದಿಂದ ಕಾಣುತ್ತದೆ. ಗೇಮ್, ಮ್ಯಾಪ್, ರೋಬೋಟ್ ಯಾವುದರ ಕೋಡ್ ಬರೆದರೂ ಏಟ್ಯಾನ್2 ಎಂಬ ಫಂಕ್ಷನ್ ಸಿಕ್ಕೇ ಸಿಗುತ್ತದೆ. ಬಿಂದುವಿನ ವೈ ಮತ್ತು ಎಕ್ಸ್ ಕೊಟ್ಟರೆ ದಿಕ್ಕಿನ ಕೋನ ಹೇಳುತ್ತದೆ. ನೇರ ಪಶ್ಚಿಮಕ್ಕಿರುವ ಬಿಂದುವಿಗೆ ವೈ ಸೊನ್ನೆ, ಎಕ್ಸ್ -1. ಮಾಡಿ ನೋಡಿ:

ಮ್ಯಾಥ್.ಏಟ್ಯಾನ್2(0, -1) → 3.14159..., ಅಂದರೆ 180 ಡಿಗ್ರಿ
ಮ್ಯಾಥ್.ಏಟ್ಯಾನ್2(-0, -1) → -3.14159..., ಅಂದರೆ -180 ಡಿಗ್ರಿ

ಎರಡೂ ಪಶ್ಚಿಮವೇ. ಮೊದಲನೆಯದು ಉತ್ತರದ ಕಡೆಯಿಂದ ಪಶ್ಚಿಮಕ್ಕೆ ಬಂದದ್ದು, ಎರಡನೆಯದು ದಕ್ಷಿಣದ ಕಡೆಯಿಂದ. ಒಂದು ಬಿಂದು ದಕ್ಷಿಣದಿಂದ ನಿಧಾನವಾಗಿ ಪಶ್ಚಿಮದ ರೇಖೆಗೆ ಬರುತ್ತಿದೆ ಅಂದುಕೊಳ್ಳಿ. ಕೋನ -178, -179, -179.9 ಅಂತ ಬರುತ್ತಿದೆ. ವೈ ಸೊನ್ನೆ ಮುಟ್ಟುವಾಗ ಮೈನಸ್ ಉಳಿದಿದ್ದರೆ ಮುಂದಿನ ಉತ್ತರ -180. ಯಾರೋ ನಡುವೆ ಚಿಹ್ನೆ ಒರೆಸಿದ್ದರೆ +180. ಆ ವ್ಯತ್ಯಾಸ ನೋಡಿ ತಿರುಗುವ ಯಂತ್ರ ಒಂದು ಪೂರ್ತಿ ಸುತ್ತು ಹಾಕಲು ಹೊರಡುತ್ತದೆ. ಸಂಮಿಶ್ರ ಸಂಖ್ಯೆಗಳ ವರ್ಗಮೂಲ, ಲಾಗರಿದಮ್‌ಗಳಲ್ಲೂ ಇದೇ ಸಂಗತಿ. 1987ರಲ್ಲಿ ಕಹಾನ್ ಇದರ ಬಗ್ಗೆಯೇ ಒಂದು ದೀರ್ಘ ಪ್ರಬಂಧ ಬರೆದರು. ಮೈನಸ್ ಸೊನ್ನೆ ಯಂತ್ರದ ದೋಷ ಅಲ್ಲ, ಯೋಚಿಸಿ ಇಟ್ಟದ್ದು ಅಂತ ಒಪ್ಪಿಕೊಳ್ಳಲು ನನಗೆ ಈ ಒಂದು ಉದಾಹರಣೆಯೇ ಸಾಕು.

ಸಿ, ಸಿ++ ಬರೆಯುವವರಿಗೆ ಒಂದು ಕಿವಿಮಾತು. ಕಂಪೈಲರ್‌ಗೆ ‘ಫಾಸ್ಟ್-ಮ್ಯಾಥ್’ ಆಯ್ಕೆ ಕೊಟ್ಟರೆ ಸೊನ್ನೆಯ ಚಿಹ್ನೆಯನ್ನು ಅದು ಲೆಕ್ಕಕ್ಕೇ ಇಡುವುದಿಲ್ಲ. ವೇಗ ಹೆಚ್ಚಬಹುದು, ಆದರೆ ಮೇಲಿನ ಕೋನದಂಥ ಲೆಕ್ಕ ಇರುವ ಫೈಲಿಗೆ ಅದನ್ನು ಹಾಕಬೇಡಿ.

ಹಂತ 6: ತೋರಿಸುವ ಜಾಗದಲ್ಲಿ ತೆಗೆಯಿರಿ

ಬಿಲ್ಲು, ವರದಿ, ಪರದೆ, ಇಮೇಲ್, ಎಲ್ಲೆಲ್ಲಿ ಜನ ಓದುತ್ತಾರೋ ಅಲ್ಲೆಲ್ಲ ಮೈನಸ್ ಸೊನ್ನೆ ಇರಬಾರದು. ಇದರಲ್ಲಿ ರಾಜಿ ಬೇಡ. ಓದುವವರಿಗೆ ಅದರಿಂದ ಗೊಂದಲ ಬಿಟ್ಟು ಬೇರೇನೂ ಸಿಗುವುದಿಲ್ಲ.

ನಿಜವಾದ -0 ಮಾತ್ರ ಇದ್ದರೆ, ಅದಕ್ಕೆ 0 ಕೂಡಿಸಿದರೆ ಆಯಿತು. ಹಂತ 3ರ ನಿಯಮ ಇಲ್ಲಿ ಕೆಲಸಕ್ಕೆ ಬಂತು. ಆದರೆ 0.3 - 0.1 - 0.2ರಂಥ ಸಣ್ಣ ಮೈನಸ್ ಸಂಖ್ಯೆಗೆ 0 ಕೂಡಿಸಿದರೆ ಏನೂ ಬದಲಾಗುವುದಿಲ್ಲ. ಅದಕ್ಕೆ ಕ್ರಮ ಮುಖ್ಯ: ಮೊದಲು ರೌಂಡ್ ಮಾಡಿ, ಆಮೇಲೆ 0 ಕೂಡಿಸಿ, ಕೊನೆಗೆ ಅಕ್ಷರಕ್ಕೆ ತಿರುಗಿಸಿ.

ಮ್ಯಾಥ್.ರೌಂಡ್(ಎಕ್ಸ್ * 100) / 100 + 0

ರೌಂಡ್ ಮಾಡಿದಾಗ ಆ ಸಣ್ಣ ಸಂಖ್ಯೆ ನಿಜವಾದ -0 ಆಗುತ್ತದೆ. ಕೂಡಿಸಿದ 0 ಅದರ ಮೈನಸ್ ತೆಗೆಯುತ್ತದೆ. ಇದಕ್ಕೆ ಟುಫಿಕ್ಸ್ಡ್(2) ಹಾಕಿದರೆ ‘0.00’. ಪೈಥಾನ್‌ನಲ್ಲಿ ರೌಂಡ್(ಎಕ್ಸ್, 2) + 0.0 ಅಂದರೆ ಅದೇ ಕೆಲಸ.

ಹೊಸ ಆವೃತ್ತಿಗಳಲ್ಲಿ ಇದಕ್ಕಿಂತ ಸುಲಭದ ದಾರಿ ಇದೆ. ಪೈಥಾನ್ 3.11ರಿಂದ ಫಾರ್ಮ್ಯಾಟ್ ಬರೆಯುವಾಗ ‘ಝಡ್’ ಅಕ್ಷರ ಸೇರಿಸಬಹುದು: ‘.2ಎಫ್’ ಬದಲು ‘ಝಡ್.2ಎಫ್’. ರೌಂಡ್ ಆದ ಮೇಲೆ ಸೊನ್ನೆ ಉಳಿದರೆ ಮೈನಸ್ ತಾನಾಗೇ ಹೋಗುತ್ತದೆ. ಜಾವಾಸ್ಕ್ರಿಪ್ಟ್‌ನ ಇಂಟ್ಲ್.ನಂಬರ್‌ಫಾರ್ಮ್ಯಾಟ್‌ನಲ್ಲಿ ಸೈನ್‌ಡಿಸ್‌ಪ್ಲೇ ಎಂಬ ಆಯ್ಕೆಗೆ ‘ನೆಗೆಟಿವ್’ ಅಂತ ಕೊಡಿ. ನಿಜವಾದ ಮೈನಸ್ ಮೊತ್ತಕ್ಕೆ ಮಾತ್ರ ಚಿಹ್ನೆ ಹಾಕುತ್ತದೆ, ಸೊನ್ನೆಗೆ ಹಾಕುವುದಿಲ್ಲ. ಲಕ್ಷ, ಕೋಟಿಯ ಅಲ್ಪವಿರಾಮಗಳಿಗೆ ಹೇಗೂ ಈ ಫಾರ್ಮ್ಯಾಟರ್ ಬಳಸುತ್ತಿದ್ದರೆ ಇದೊಂದು ಆಯ್ಕೆ ಸೇರಿಸಿದರೆ ಮುಗಿಯಿತು.

ಹಣದ ಲೆಕ್ಕ ಅಂತ ಬಂದರೆ ನನ್ನ ಅಭಿಪ್ರಾಯ ಇನ್ನೂ ಖಡಕ್: ರೂಪಾಯಿಯನ್ನು ದಶಮಾಂಶದಲ್ಲಿ ಇಡಲೇಬೇಡಿ. ಪೈಸೆಯಲ್ಲಿ, ಪೂರ್ಣಾಂಕವಾಗಿ ಇಡಿ. 30 - 10 - 20 ಅಂದರೆ ಸರಿಯಾಗಿ 0.

ಹಂತ 7: ಅಕ್ಷರದಿಂದ ಓದುವಾಗ ಚಿಹ್ನೆ ಕಳೆಯದಂತೆ ನೋಡಿಕೊಳ್ಳಿ

ತೋರಿಸುವಾಗ ಚಿಹ್ನೆ ಬೇಡ ಅಂದೆವು. ಓದುವಾಗ ಮಾತು ತಿರುಗುಮುರುಗು.

ಮಹಾವ್ಯಾಧ, ಅಂದರೆ ಒರಾಯನ್ ನಕ್ಷತ್ರಪುಂಜದ ಸೊಂಟಪಟ್ಟಿಯ ಮೂರು ನಕ್ಷತ್ರಗಳು ಎಲ್ಲರಿಗೂ ಗೊತ್ತು. ಅವುಗಳಲ್ಲಿ ಒಂದು ಮಿಂಟಾಕಾ. ಖಗೋಳ ಸಮಭಾಜಕಕ್ಕೆ ತೀರಾ ಹತ್ತಿರ, ಸ್ವಲ್ಪವೇ ದಕ್ಷಿಣಕ್ಕೆ ಇದೆ. ಅದರ ಡೆಕ್ಲಿನೇಶನ್, ಅಂದರೆ ಆ ಸಮಭಾಜಕದಿಂದ ಉತ್ತರಕ್ಕೋ ದಕ್ಷಿಣಕ್ಕೋ ಇರುವ ಕೋನ, ಸುಮಾರು -00 ಡಿಗ್ರಿ, 17 ನಿಮಿಷ, 57 ಸೆಕೆಂಡ್. ನಕ್ಷತ್ರ ಪಟ್ಟಿಗಳಲ್ಲಿ ಹೀಗೆ ‘-00’ ಅಂತಲೇ ಅಚ್ಚಾಗಿರುತ್ತದೆ.

ಈಗ ಒಬ್ಬರು ಈ ಸಾಲನ್ನು ಓದುವ ಕೋಡ್ ಬರೆಯುತ್ತಾರೆ. ‘-00’ ಅನ್ನು ಪೂರ್ಣಾಂಕ ಮಾಡುತ್ತಾರೆ. ಪೈಥಾನ್ ಆದರೆ ಅಲ್ಲೇ 0 ಆಯಿತು, ಚಿಹ್ನೆ ಹೋಯಿತು. ಜಾವಾಸ್ಕ್ರಿಪ್ಟ್‌ನ ಪಾರ್ಸ್‌ಇಂಟ್ -0 ಕೊಡುತ್ತದೆ ನಿಜ, ಆದರೆ ಮುಂದಿನ ಸಾಲಿನಲ್ಲಿ ‘ಡಿಗ್ರಿ ಸೊನ್ನೆಗಿಂತ ಕಡಿಮೆಯೇ?’ ಅಂತ ಕೇಳಿದರೆ ಇಲ್ಲ ಅನ್ನುತ್ತದೆ. ಎರಡರಲ್ಲೂ ಮಿಂಟಾಕಾ +0.299 ಡಿಗ್ರಿಯಲ್ಲಿ, ಸಮಭಾಜಕದ ಉತ್ತರಕ್ಕೆ ಹೋಗಿ ಕೂರುತ್ತದೆ. ತಪ್ಪು ಸುಮಾರು 36 ಕೋನ-ನಿಮಿಷ. ಹುಣ್ಣಿಮೆ ಚಂದ್ರನ ಅಗಲಕ್ಕಿಂತ ಜಾಸ್ತಿ. ದೂರದರ್ಶಕವನ್ನು ಅಲ್ಲಿಗೆ ತಿರುಗಿಸಿದವರಿಗೆ ನಕ್ಷತ್ರ ಸಿಗದೇ ಹೋಗಬಹುದು.

ಸರಿಯಾದ ಕ್ರಮ ಹೀಗೆ: ಮೊದಲ ಅಕ್ಷರ ನೋಡಿ ಚಿಹ್ನೆಯನ್ನು ಬೇರೆ ಎತ್ತಿಡಿ. ಡಿಗ್ರಿ, ನಿಮಿಷ, ಸೆಕೆಂಡುಗಳನ್ನು ಚಿಹ್ನೆ ಇಲ್ಲದೆ ಕೂಡಿಸಿ: 0 + 17/60 + 57/3600. ಕೊನೆಯಲ್ಲಿ ಚಿಹ್ನೆಯಿಂದ ಗುಣಿಸಿ. ಲಂಡನ್ನಿನ ರೇಖಾಂಶ ಓದುವಾಗಲೂ ಇದೇ ಬೇಕು. ನಗರದ ನಡುಭಾಗ ಗ್ರೀನಿಚ್‌ನಿಂದ 0 ಡಿಗ್ರಿ 7 ನಿಮಿಷ ಪಶ್ಚಿಮಕ್ಕಿದೆ.

ವಿಮಾನ ನಿಲ್ದಾಣಗಳ ಹವಾಮಾನ ವರದಿ ಮೆಟಾರ್‌ನಲ್ಲೂ ಹೀಗೊಂದು ಸೊನ್ನೆ ಇದೆ. ಅಲ್ಲಿ ತಾಪಮಾನವನ್ನು ಪೂರ್ಣ ಡಿಗ್ರಿಯಲ್ಲಿ ಬರೆಯುತ್ತಾರೆ, ಮೈನಸ್‌ಗೆ ‘ಎಂ’ ಅಕ್ಷರ. -0.3 ಡಿಗ್ರಿ ಇದ್ದರೆ ‘00’ ಅಂತ ಬರೆಯುವುದಿಲ್ಲ, ‘ಎಂ00’ ಅಂತ ಬರೆಯುತ್ತಾರೆ. ನೀರು ಹೆಪ್ಪುಗಟ್ಟುವ ಗೆರೆಯ ಯಾವ ಕಡೆ ಇದ್ದೇವೆ ಅನ್ನುವುದು ಪೈಲಟ್‌ಗೆ ಬೇಕಾದ ಮಾಹಿತಿ. ಬೆಂಗಳೂರಿನ ವರದಿಯಲ್ಲಿ ಇದು ಬರುವ ಸಂಭವ ಇಲ್ಲ, ದಾಖಲೆಯಲ್ಲಿರುವ ಅತಿ ಕಡಿಮೆ ತಾಪಮಾನವೇ 7.8 ಡಿಗ್ರಿ, 1884ರ ಜನವರಿಯದ್ದು. ಆದರೆ ನಿಮ್ಮ ಆ್ಯಪ್ ಶ್ರೀನಗರ, ಲೇಹ್‌ಗಳ ವರದಿಯನ್ನೂ ಓದುವುದಾದರೆ ‘ಎಂ00’ಗೆ ತಯಾರಿರಬೇಕು.

ಪ್ರೋಗ್ರಾಂಗಳು ಒಂದಕ್ಕೊಂದು ಮಾಹಿತಿ ಕಳಿಸಲು ಬಳಸುವ ಅಕ್ಷರ ರೂಪ ಜೇಸನ್ ಬಗ್ಗೆಯೂ ಒಂದು ಮಾತು. ಜಾವಾಸ್ಕ್ರಿಪ್ಟ್‌ನ ಜೇಸನ್.ಪಾರ್ಸ್ ‘-0’ ಓದುವಾಗ ಚಿಹ್ನೆ ಉಳಿಸುತ್ತದೆ, ಜೇಸನ್.ಸ್ಟ್ರಿಂಗಿಫೈ ಬರೆಯುವಾಗ ತೆಗೆದು ‘0’ ಮಾಡುತ್ತದೆ. ಪೈಥಾನ್ ‘-0.0’ ಅಂತಲೇ ಬರೆಯುತ್ತದೆ. ಚಿಹ್ನೆ ಬೇಕೇ ಬೇಕು ಅನ್ನುವ ಕಡೆ ಅದನ್ನು ಬೇರೆ ಫೀಲ್ಡ್ ಆಗಿ ಕಳಿಸುವುದೇ ವಾಸಿ.

ಹಂತ 8: ಟೆಸ್ಟ್ ಬರೆಯಿರಿ

ಜಾವಾಸ್ಕ್ರಿಪ್ಟ್ ಕೋಡನ್ನು ಟೆಸ್ಟ್ ಮಾಡುವ ಜೆಸ್ಟ್ ಬಳಸುವವರಿಗೆ ‘ಬೇಕಿದ್ದದ್ದು 0, ಬಂದದ್ದು -0’ ಎಂಬ ಸಂದೇಶ ಗೊತ್ತಿರುತ್ತದೆ. ಅದರ ಟುಬಿ, ಟುಈಕ್ವಲ್ ಎರಡೂ ಸೊನ್ನೆಯ ಚಿಹ್ನೆ ನೋಡುತ್ತವೆ. ಆಗ ಟೆಸ್ಟನ್ನೇ ಸಡಿಲ ಮಾಡಿ ಮುಂದೆ ಹೋಗಬೇಡಿ. ಆ ಬೆಲೆ ಪರದೆಗೆ ಹೋಗುವಂಥದ್ದಾದರೆ ಕೋಡ್‌ನಲ್ಲಿ ಹಂತ 6ರ ಕ್ರಮ ಹಾಕಿ. ಲೆಕ್ಕದ ನಡುವಿನದ್ದಾದರೆ -0 ಬರುವುದು ಸರಿಯಾ ಅಂತ ಯೋಚಿಸಿ, ಸರಿಯಾಗಿದ್ದರೆ ಟೆಸ್ಟ್‌ನಲ್ಲೇ -0 ಅಂತ ಬರೆಯಿರಿ. ಪೈಥಾನ್‌ನಲ್ಲಿ == ಎರಡನ್ನೂ ಸಮ ಅನ್ನುವುದರಿಂದ ಟೆಸ್ಟ್ ಸುಮ್ನೆ ಪಾಸ್ ಆಗುತ್ತದೆ. ಅಲ್ಲಿ ಸಂಖ್ಯೆಯನ್ನಲ್ಲ, ಹೊರಗೆ ಬಂದ ಅಕ್ಷರವನ್ನು ಹೋಲಿಸಿ.

ಫಾರ್ಮ್ಯಾಟ್ ಮಾಡುವ ಪ್ರತಿಯೊಂದು ಫಂಕ್ಷನ್‌ಗೂ ಕನಿಷ್ಠ ನಾಲ್ಕು ಇನ್‌ಪುಟ್ ಕೊಟ್ಟು ನೋಡಿ: 0, -0.0, -0.004 ಮತ್ತು -0.006. ಎರಡು ದಶಮಾಂಶಕ್ಕೆ ಮೊದಲ ಮೂರರಲ್ಲೂ ‘0.00’ ಬರಬೇಕು. ನಾಲ್ಕನೆಯದರಲ್ಲಿ ‘-0.01’ ಬರಬೇಕು. ಅದೂ ಮೈನಸ್ ಕಳೆದುಕೊಂಡು ಬಂದರೆ, ಎಲ್ಲೋ ಚಿಹ್ನೆಯನ್ನು ಸಾರಾಸಗಟಾಗಿ ಒರೆಸುವ ಕೋಡ್ ಸೇರಿಕೊಂಡಿದೆ ಅಂತ ಅರ್ಥ, ಮೊದಲು ಅದನ್ನು ಹುಡುಕಿ ತೆಗೆಯಿರಿ.